ಹಳೆ ಮಾನಿಟರ್ ತಗೋರಿ, ಆದ್ರ ನೋಡಿ ತಗೋರಿ

ಹಾಸ್ಟೆಲ್ಲಿನ ಯಾವ ರೂಮಿಗೆ ಹೋದರೂ ಮೂರು-ನಾಲ್ಕು ಲ್ಯಾಪ್‌ಟಾಪ್ ಕಾಣ್ತವೆ, ನೆಟ್ಟಗಿರೋ ಕುತ್ತಿಗೆ ಮಾತ್ರ ಒಂದೂ ಕಾಣಲ್ಲ. ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್, ಅದರ ಮೇಲೆ ಬಗ್ಗಿಕೊಂಡ ಒಬ್ಬ ಎಂಜಿನಿಯರ್. ಲ್ಯಾಬ್ ಮ್ಯಾನ್ಯುಯಲ್ ಒಂದು ಕಡೆ, ಕೋಡ್ ಇನ್ನೊಂದು ಕಡೆ. ಎರಡಕ್ಕೂ ಜಾಗ ಸಾಲದೆ ಆಲ್ಟ್-ಟ್ಯಾಬ್ ಒತ್ತಿ ಒತ್ತಿ ಆ ಕೀಗಳ ಮೇಲಿನ ಅಕ್ಷರವೇ ಅಳಿಸಿ ಹೋಗಿರುತ್ತೆ. ಈ ಕಷ್ಟಕ್ಕೆ ನಮ್ಮ ಗೆಳೆಯರು ಹುಡುಕೋ ದಾರಿ ಎರಡೇ. ಒಂದೋ ಮನೆಯವರನ್ನ ಕಾಡಿ ಬೇಡಿ ಇಎಂಐ ಮೇಲೆ ಹೊಸ ಮಾನಿಟರ್, ಇಲ್ಲಾ "ಕೆಲಸ ಸಿಕ್ಕ ಮೇಲೆ ನೋಡೋಣ ಬಿಡೋ". ನಮ್ಮದು ಮೂರನೇ ಮಾತು. ಯಾರದೋ ಆಫೀಸಿನಲ್ಲಿ ಆರೇಳು ವರ್ಷ ದುಡಿದು ಹೊರಬಿದ್ದ ಹಳೆ ಮಾನಿಟರ್ ಒಂದನ್ನ ಈ ಸೆಮಿಸ್ಟರಿನಲ್ಲೇ ತಗೊಳ್ಳಿ. ಅಷ್ಟೇ ದುಡ್ಡಿಗೆ ನಿಮ್ಮ ಓದು-ಬರಹವನ್ನ ಇಷ್ಟು ಹಗುರ ಮಾಡೋ ವಸ್ತು ನಮಗೆ ತಿಳಿದ ಮಟ್ಟಿಗೆ ಬೇರೆ ಇಲ್ಲ.

ಈ ಬರಹದ 'ನಾವು' ಅಂದರೆ ಗದಗ ಜಿಲ್ಲೆ ರೋಣ ತಾಲೂಕಿನ ಸವಡಿಯಿಂದ ಬಂದ ಇಬ್ಬರು. ಒಬ್ಬರದು ಎಲೆಕ್ಟ್ರಾನಿಕ್ಸ್, ಒಬ್ಬರದು ಕಂಪ್ಯೂಟರ್ ಸೈನ್ಸ್. ನಮ್ಮ ಅಪ್ಪಂದಿರು ಅಣ್ಣ-ತಮ್ಮ, ಮನೆ ಒಂದೇ. ನಮ್ಮ ಹತ್ತಿರ ಎರಡು ಹಳೆ ಮಾನಿಟರ್ ಇವೆ. ಒಂದು 19 ಇಂಚಿನ ಚೌಕ ಮಾನಿಟರ್, 1,200 ರೂಪಾಯಿಯದ್ದು, ಸವಡಿಯ ಮನೆಯಲ್ಲಿ ಇದೆ. ಇನ್ನೊಂದು 21.5 ಇಂಚಿನದ್ದು, 2,800 ರೂಪಾಯಿಯದ್ದು, ಹಾಸ್ಟೆಲ್ಲಿನಲ್ಲಿ. ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡವು. ಈ ಎರಡರ ಜೊತೆ ಬಾಳಿದ್ದರಿಂದ ಬಂದ ಅಭಿಪ್ರಾಯ ಇದು, ಯೂಟ್ಯೂಬ್ ನೋಡಿ ಬಂದದ್ದಲ್ಲ.

ಮೊದಲು ಈ ಹಳೆ ಮಾನಿಟರ್‌ಗಳು ಎಲ್ಲಿಂದ ಬರ್ತವೆ ಅನ್ನೋದು ಗೊತ್ತಿರಬೇಕು. ಕಂಪನಿಗಳು ಕಂಪ್ಯೂಟರುಗಳನ್ನ ಲೀಸ್ ಮೇಲೆ ತಗೊಳ್ತವೆ, ಮೂರೋ ಐದೋ ವರ್ಷಕ್ಕೆ ವಾಪಸ್ ಮಾಡ್ತವೆ. ಇಲ್ಲಾ ಆಫೀಸು ಜಾಗ ಬದಲಿಸುವಾಗ ಲಾಟ್ ಲೆಕ್ಕದಲ್ಲಿ ಮಾರ್ತವೆ. ಅವು ಕೆಟ್ಟು ಬಂದವಲ್ಲ, ಲೆಕ್ಕಪುಸ್ತಕದಲ್ಲಿ ಬೆಲೆ ಸೊನ್ನೆ ಆಗಿ ಬಂದವು. ಎಸ್.ಪಿ. ರಸ್ತೆ, ಅಂದರೆ ಸದರ ಪತ್ರಪ್ಪ ರಸ್ತೆ, ಟೌನ್ ಹಾಲಿನಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಒಂದರ ಮೇಲೊಂದು ಪೇರಿಸಿದ ಕಪ್ಪು ಪರದೆಗಳ ಗೋಡೆಯೇ ಇರುತ್ತೆ. ಅಂಗಡಿಯವರು "ಟೆಸ್ಟಿಂಗ್ ವಾರಂಟಿ ಅಷ್ಟೇ ಬಾಸ್" ಅಂತಾರೆ. ಅದರ ಅರ್ಥ, ಅಂಗಡಿಯಲ್ಲಿ ಆನ್ ಆಯಿತು ಅಂದರೆ ಅವರ ಜವಾಬ್ದಾರಿ ಮುಗಿಯಿತು. ಅದು ಮೋಸ ಅಲ್ಲ, ಆ ಬೆಲೆಗೆ ಅದೇ ನ್ಯಾಯ. ಆದ್ದರಿಂದ ನೋಡೋ ಕೆಲಸ ನಮ್ಮದು.

ಎಲ್ಲರೂ ಮೊದಲು ಕೇಳೋದು "ಎಷ್ಟು ಇಂಚು?" ಅಂತ. ಇಂಚು ಅನ್ನೋದು ಮೂಲೆಯಿಂದ ಮೂಲೆಗೆ ಅಳೆದದ್ದು, ಅದೊಂದೇ ನೋಡಿದರೆ ಲೆಕ್ಕ ತಪ್ಪುತ್ತೆ. ನಮ್ಮ 19 ಇಂಚಿನ ಚೌಕ ಮಾನಿಟರ್ 1280×1024, ಅಂದರೆ 5:4. ಅದರ ಎತ್ತರ ಸುಮಾರು 11.9 ಇಂಚು. ಈಗಿನ 24 ಇಂಚಿನ ಅಗಲ ಮಾನಿಟರ್ ಎತ್ತರ ಸುಮಾರು 11.8 ಇಂಚು. ನಂಬಿಕೆ ಬರದಿದ್ದರೆ ಪೈಥಾಗೊರಸ್‌ನನ್ನ ಕೇಳಿ. ಕೋಡು ಬರೆಯೋರಿಗೆ, ನೋಟ್ಸ್ ಓದೋರಿಗೆ ಬೇಕಾಗಿರೋದು ಎತ್ತರ. ಅಗಲ ಬೇಕಾಗಿರೋದು ಸಿನಿಮಾ ನೋಡೋರಿಗೆ. ಸಾಲಿಗೆ 20 ಪಿಕ್ಸೆಲ್ ಅಂತ ಹಿಡಿದರೆ 768 ಎತ್ತರದ ಪರದೆಯಲ್ಲಿ 38 ಸಾಲು, 1024ರಲ್ಲಿ 51 ಸಾಲು. ಮೇಲಿನ ಮೆನು, ಕೆಳಗಿನ ಟಾಸ್ಕ್‌ಬಾರ್ ಕಳೆದ ಮೇಲೆ ಈ ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣುತ್ತೆ. ಆದರೆ ಮಾರುಕಟ್ಟೆಯಲ್ಲಿ ಚೌಕ ಮಾನಿಟರ್ ಅಂದರೆ "ಔಟ್‌ಡೇಟೆಡ್" ಅಂತ ಮೂಗು ಮುರೀತಾರೆ, ಅದಕ್ಕೇ ಅಗ್ಗ. ಅವರ ಮೂಗು ಮುರಿದಷ್ಟೂ ನಮಗೆ ಲಾಭ.

18.5 ಇಂಚಿನ 1366×768 ಮಾನಿಟರ್ ಮಾತ್ರ ಪುಕ್ಕಟೆ ಕೊಟ್ಟರೂ ಯೋಚನೆ ಮಾಡಿ. ಲ್ಯಾಪ್‌ಟಾಪಿನಲ್ಲೇ 1920×1080 ಇಟ್ಟುಕೊಂಡು ಹೊರಗೆ ಅದಕ್ಕಿಂತ ಕಡಿಮೆ ಪಿಕ್ಸೆಲ್ ಕೊಂಡರೆ ಪ್ರಯೋಜನ ಏನು?

ಇನ್ನು ನಮ್ಮ ಬಳಗದವರಿಗೆ ವಿಶೇಷವಾಗಿ ಹೇಳಬೇಕಾದ ವಿಷಯ. ಮಾನಿಟರ್ ಬಗ್ಗೆ ಎಲ್ಲ ಕಡೆ ಗೇಮಿಂಗ್, ರಿಫ್ರೆಶ್ ರೇಟ್, ಬಣ್ಣ ಅಂತ ಮಾತಾಡ್ತಾರೆ. ಕನ್ನಡ ಓದೋಕೆ ಯಾವುದು ಒಳ್ಳೇದು ಅಂತ ಯಾರೂ ಹೇಳಲ್ಲ. ಹಳೆ ಮಾನಿಟರಿನಲ್ಲಿ ಇಂಗ್ಲಿಷ್ ಚೆನ್ನಾಗೇ ಕಾಣುತ್ತೆ, ಕನ್ನಡ ಕಾಣಲ್ಲ. ಇದು ಭ್ರಮೆ ಅಲ್ಲ, ಲೆಕ್ಕ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯೋದು ಜಿ, ವೈ ಅಂಥ ನಾಲ್ಕೈದು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಒತ್ತು ಅಂದರೆ ಒಂದು ಇಡೀ ಅಕ್ಷರವೇ ಕೆಳಗೆ ಜೋತಾಡುತ್ತೆ. 'ರಾಷ್ಟ್ರ', 'ಸ್ತ್ರೀ' ತಗೊಂಡರೆ ಎರಡೆರಡು. 16 ಪಿಕ್ಸೆಲ್ಲಿನ ಫಾಂಟಿನಲ್ಲಿ ಆ ಒತ್ತಿನ ಪಾಲಿಗೆ ಬರೋದು ಬೆರಳೆಣಿಕೆಯ ಪಿಕ್ಸೆಲ್. ಅಷ್ಟರಲ್ಲೇ ಅದು 'ತ'ನೋ 'ನ'ನೋ ಅಂತ ತೋರಿಸಬೇಕು.

ಒತ್ತು ಬಿಡಿ, ಮೂಲಾಕ್ಷರಗಳನ್ನೇ ನೋಡಿ. 'ದ'ಕ್ಕೂ 'ಧ'ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಆ ಸೀಳು ಮಸುಕಾದರೆ 'ಧನ' ಹೋಗಿ 'ದನ' ಆಗುತ್ತೆ. ನಮ್ಮೂರಲ್ಲಿ ದನವೇ ಧನ ಅನ್ನೋದು ಬೇರೆ ಮಾತು. 'ಧ'ಕ್ಕೂ 'ಥ'ಕ್ಕೂ ಇರೋದು ನಡುವಿನ ಒಂದು ಚುಕ್ಕಿ. 'ಅರ್ಥ' ಅಂತ ಬರೆದದ್ದು 'ಅರ್ಧ' ಅಂತ ಕಂಡರೆ ಪರೀಕ್ಷೆಗೆ ಓದುವವನಿಗೆ ಅರ್ಧವೇ ಅರ್ಥ ಆದೀತು. 'ಪ' ಮತ್ತು 'ಷ' ನಡುವೆ ಒಂದು ಗೆರೆ. ಇಷ್ಟು ಸೂಕ್ಷ್ಮ ಗುರುತುಗಳ ಮೇಲೆ ನಿಂತ ಲಿಪಿಗೆ ಪಿಕ್ಸೆಲ್ ಸಾಂದ್ರತೆ ಆಡಂಬರ ಅಲ್ಲ.

ಲೆಕ್ಕ ಹಾಕಿ ನೋಡಿದರೆ 18.5 ಇಂಚಿನ 1366×768ರಲ್ಲಿ ಇಂಚಿಗೆ ಸುಮಾರು 85 ಪಿಕ್ಸೆಲ್. ನಮ್ಮ ಚೌಕದಲ್ಲಿ 86. 22 ಇಂಚಿನ 1680×1050ರಲ್ಲಿ 90. 24 ಇಂಚಿನ 1920×1080ರಲ್ಲಿ 92. ಅದೇ 1920×1080 ಅನ್ನೋದು 21.5 ಇಂಚಿನಲ್ಲಿ ಬಂದರೆ 102. ಅಗ್ಗದ ಹಳೆ ಮಾನಿಟರ್‌ಗಳಲ್ಲಿ ಕನ್ನಡಕ್ಕೆ ನಾವು ಹೇಳೋದು ಇದನ್ನೇ. 24 ಇಂಚಿಗೆ ಜಾಸ್ತಿ ದುಡ್ಡು ಕೊಟ್ಟು ಅಷ್ಟೇ ಪಿಕ್ಸೆಲ್ಲುಗಳನ್ನ ಹಿಗ್ಗಿಸಿ ನೋಡೋದು ಯಾಕೆ? ಹಳೆ 20 ಇಂಚಿನ 1600×1200 ಸಿಕ್ಕರೆ ಬಿಡಬೇಡಿ. ಅದು ಸುಮಾರು 100 ಪಿಕ್ಸೆಲ್ಲಿನದ್ದು, ಎತ್ತರವೂ ಇದೆ. ಡೆಲ್ ಅಲ್ಟ್ರಾಶಾರ್ಪ್ ಸಾಲಿನಲ್ಲಿ ಅಂಥವು ಬಂದಿದ್ದವು, ಸ್ಟ್ಯಾಂಡ್ ಏರಿಸಿ ಇಳಿಸಿ ಅಡ್ಡ-ಉದ್ದ ತಿರುಗಿಸಬಹುದಿತ್ತು. ಇನ್ನೊಂದು ತಮಾಷೆ: ಐಬಿಎಂ 2001ರಲ್ಲೇ ಟಿ220 ಅನ್ನೋ 22 ಇಂಚಿನ ಮಾನಿಟರ್ ತಂದಿತ್ತು, 3840×2400, ಇಂಚಿಗೆ 204 ಪಿಕ್ಸೆಲ್. ಇಪ್ಪತ್ತು ವರ್ಷ ಕಳೆದ ಮೇಲೂ ನಮ್ಮ ಲ್ಯಾಬುಗಳ ಪರದೆ ಅದರ ಅರ್ಧಕ್ಕೂ ಬಂದಿಲ್ಲ. ತಂತ್ರಜ್ಞಾನ ಇರಲಿಲ್ಲ ಅಂತಲ್ಲ, ಅಗ್ಗ ಆಗಲಿಲ್ಲ.

ಇರೋ ಮಾನಿಟರಿನಲ್ಲೇ ಕನ್ನಡ ಸುಧಾರಿಸೋದಕ್ಕೂ ದಾರಿ ಇದೆ. ಪರದೆಯ ಸ್ವಂತ ರೆಸಲ್ಯೂಷನ್ ಬಿಟ್ಟು ಬೇರೆ ಯಾವುದಕ್ಕೂ ಇಡಬೇಡಿ. "ಅಕ್ಷರ ದೊಡ್ಡದಾಗುತ್ತೆ" ಅಂತ 1280×1024ನ್ನ 1024×768ಕ್ಕೆ ಇಳಿಸಿದರೆ ಅಕ್ಷರ ದೊಡ್ಡದಾಗಲ್ಲ, ಊದಿಕೊಳ್ಳುತ್ತೆ. ಬದಲಿಗೆ ಬ್ರೌಸರಿನಲ್ಲಿ ಕನ್ನಡ ಪುಟಕ್ಕೆ ಮಾತ್ರ 125 ಶೇಕಡಾ ಝೂಮ್ ಇಡಿ. ವಿಂಡೋಸಿನಲ್ಲಿ ಕ್ಲಿಯರ್‌ಟೈಪ್ ಅನ್ನೋ ಸೌಲಭ್ಯ 2001ರ ಎಕ್ಸ್‌ಪಿ ಕಾಲದಿಂದಲೂ ಇದೆ, ಅದನ್ನ ಒಮ್ಮೆ ಕಣ್ಣಿಗೆ ಹೊಂದುವ ಹಾಗೆ ಮಾಡಿಕೊಳ್ಳಿ. ಅದು ಒಂದು ಪಿಕ್ಸೆಲ್ಲಿನ ಒಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನ ಬೇರೆ ಬೇರೆಯಾಗಿ ಬಳಸಿ ಅಂಚನ್ನ ನಯ ಮಾಡುತ್ತೆ. ಆದರೆ ಮಾನಿಟರನ್ನ ಉದ್ದಕ್ಕೆ ನಿಲ್ಲಿಸಿದಿರೋ, ಆ ಪಟ್ಟಿಗಳು ಅಡ್ಡ ಆಗಿಬಿಡ್ತವೆ, ಅಕ್ಷರದ ಅಂಚಿಗೆ ಬಣ್ಣ ಕಟ್ಟುತ್ತೆ. ಆಗ ಬರೀ ಬೂದು ಛಾಯೆಯ ನಯಕ್ಕೆ ಬದಲಿಸಿ.

ಅಂಗಡಿಗೆ ಹೋಗುವಾಗ ಸ್ವಂತ ಲ್ಯಾಪ್‌ಟಾಪ್, ಸ್ವಂತ ಕೇಬಲ್ ಇರಲಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳು, ಒಂದು ಕನ್ನಡ ಪುಟ, ಇಷ್ಟನ್ನ ಮೊದಲೇ ತಯಾರು ಮಾಡಿಕೊಳ್ಳಿ. ಬಿಳಿಯಲ್ಲಿ ಕಪ್ಪು ಚುಕ್ಕಿ ಕಂಡರೆ ಸತ್ತ ಪಿಕ್ಸೆಲ್. ಕಪ್ಪಿನಲ್ಲಿ ಬೆಳಗೋ ಚುಕ್ಕಿ ಕಂಡರೆ ಅದು ಇನ್ನೂ ಕಿರಿಕಿರಿ. ಮೂಲೆಯಲ್ಲಿ ಒಂದು ಇದ್ದರೆ ಇರಲಿ ಬಿಡಿ, ಅದನ್ನೇ ತೋರಿಸಿ ನೂರಿನ್ನೂರು ಇಳಿಸಿ. ನಡುವೆ ಇದ್ದರೆ ಬೇಡ, ದಿನಾ ಅದೇ ಕಾಣುತ್ತೆ. ಮುಖ್ಯವಾದದ್ದು ಸಮಯ. ಆನ್ ಮಾಡಿ, ಅಂಗಡಿಯವರು ಎಷ್ಟು ಗೊಣಗಿದರೂ ಇಪ್ಪತ್ತು ನಿಮಿಷ ಬಿಡಿ. ಟೀ ಕುಡಿದು ಬನ್ನಿ. ಹಳೆ ಮಾನಿಟರಿನ ರೋಗಗಳೆಲ್ಲ ಬಿಸಿಯಾದ ಮೇಲೆ ಇಲ್ಲಾ ತಣ್ಣಗಿರುವಾಗ ಹೊರಬೀಳ್ತವೆ, ನಡುವಿನ ಹದದಲ್ಲಿ ಎಲ್ಲವೂ ಚೆನ್ನಾಗೇ ಕಾಣ್ತವೆ. ಬಟನ್ನುಗಳನ್ನ ಒಂದೊಂದಾಗಿ ಒತ್ತಿ ನೋಡಿ. ಹಿಂದಿನ ಸ್ಟಿಕರಿನಲ್ಲಿ ತಯಾರಾದ ತಿಂಗಳು-ವರ್ಷ ಓದಿ.

ಒಳಗಿನ ಕಥೆ ಗೊತ್ತಿದ್ದರೆ ನೋಡೋದು ಸುಲಭ. 2010ರ ಆಸುಪಾಸಿನವರೆಗಿನ ಎಲ್‌ಸಿಡಿ ಮಾನಿಟರ್‌ಗಳಲ್ಲಿ ಹಿಂದಿನ ಬೆಳಕು ಕೊಡೋದು ಸಿಸಿಎಫ್‌ಎಲ್, ಅಂದರೆ ಪೆನ್ಸಿಲ್ಲಿಗಿಂತ ತೆಳ್ಳಗಿನ ಟ್ಯೂಬ್‌ಲೈಟುಗಳು. ಆಮೇಲೆ ಬಂದವು ಎಲ್‌ಇಡಿ. ಟ್ಯೂಬಿನ ಮಾನಿಟರ್ ವಯಸ್ಸಾದಂತೆ ಮಂಕಾಗುತ್ತೆ, ಹಳದಿಗೆ ತಿರುಗುತ್ತೆ. ಆನ್ ಮಾಡಿದ ತಕ್ಷಣ ಕೆಂಪು ಛಾಯೆ ಕಂಡು ನಿಧಾನ ಬಿಳಿಯಾದರೆ ಟ್ಯೂಬು ದಣಿದಿದೆ ಅಂತ ಅರ್ಥ. ಚಿತ್ರ ಎರಡು ಸೆಕೆಂಡು ಬಂದು ಮಾಯ ಆಯಿತು ಅನ್ನಿ. ಮೊಬೈಲ್ ಟಾರ್ಚನ್ನ ಪರದೆಗೆ ಓರೆಯಾಗಿ ಹಿಡಿದು ನೋಡಿ. ಒಳಗೆ ಚಿತ್ರ ಮಸುಕಾಗಿ ಕಾಣ್ತಿದ್ದರೆ ಪ್ಯಾನೆಲ್ ಸರಿ ಇದೆ, ಟ್ಯೂಬೋ ಅದಕ್ಕೆ ಹೈ ವೋಲ್ಟೇಜ್ ಕೊಡೋ ಇನ್ವರ್ಟರೋ ಹೋಗಿದೆ. ಲೈಟು ಮಿಣುಕ್ತಾ ಇದೆ, ಆನೇ ಆಗ್ತಿಲ್ಲ ಅಂದರೆ ಪವರ್ ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಮೇಲೆ ಅನುಮಾನ ಪಡಿ. ತಲೆ ಉಬ್ಬಿದ ಕೆಪಾಸಿಟರ್ ನೋಡಿದರೇ ಗೊತ್ತಾಗುತ್ತೆ. ಹತ್ತಿಪ್ಪತ್ತು ರೂಪಾಯಿಯ ಬಿಡಿಭಾಗ, ಅರ್ಧ ಗಂಟೆಯ ಬೆಸುಗೆ. ನಮ್ಮ ಇಸಿ ವಿಭಾಗದಲ್ಲಿ ಬೆಸುಗೆ ಬರೋರು ಬೇಕಾದಷ್ಟು ಜನ ಇದೀರಿ. ಆದರೆ ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜ್ ನಿಂತಿರುತ್ತೆ, 230 ವೋಲ್ಟನ್ನ ನೇರ ಮಾಡಿದರೆ 320ರ ಮೇಲೆ ಬರುತ್ತೆ ಅನ್ನೋದನ್ನ ಮರೆತು ಕೈ ಹಾಕಬೇಡಿ. ಗೊತ್ತಿರೋರ ಜೊತೆ ಕೂತು ಮಾಡಿ.

ಕೇಬಲ್ಲಿನ ವಿಷಯಕ್ಕೆ ಬಂದರೆ, ನೀಲಿ ಬಣ್ಣದ 15 ಪಿನ್ನಿನ ವಿಜಿಎ 1987ರ ಐಬಿಎಂ ಪಿಎಸ್/2 ಜೊತೆ ಬಂದದ್ದು. ನಮಗಿಂತ ಹಿರಿಯ. ಇಂಟೆಲ್, ಎಎಂಡಿ ಮತ್ತಿತರರು 2010ರ ಡಿಸೆಂಬರಿನಲ್ಲೇ "2015ರ ಹೊತ್ತಿಗೆ ಇದನ್ನ ಬಿಡ್ತೀವಿ" ಅಂತ ಸಾರಿದ್ದರು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಇಲ್ಲ. ಮಾನಿಟರಿನಲ್ಲಿ ಡಿವಿಐ ಇದ್ದರೆ ಪುಣ್ಯ: ಎಚ್‌ಡಿಎಂಐ-ಡಿವಿಐ ಅಂದರೆ ಬರೀ ತಂತಿ ಬದಲಾವಣೆ, ಗುಣಮಟ್ಟ ಕಡಿಮೆ ಆಗಲ್ಲ. ಬರೀ ವಿಜಿಎ ಇದ್ದರೆ ಒಳಗೆ ಚಿಪ್ ಇರೋ ಕನ್ವರ್ಟರ್ ಬೇಕು, ಯಾಕೆಂದರೆ ಡಿಜಿಟಲ್ ಅನ್ನ ಅನಲಾಗ್ ಮಾಡಬೇಕು. ಕನ್ವರ್ಟರಿಗೆ ದಿಕ್ಕು ಇರುತ್ತೆ. 'ಎಚ್‌ಡಿಎಂಐನಿಂದ ವಿಜಿಎಗೆ' ಅಂತಲೇ ಕೇಳಿ ತಗೊಳ್ಳಿ, ಉಲ್ಟಾ ದಿಕ್ಕಿನದು ತಗೊಂಡರೆ ಅದು ಡ್ರಾಯರಿನಲ್ಲೇ ಇರುತ್ತೆ. ವಿಜಿಎಯಲ್ಲಿ ಅಕ್ಷರ ನಡುಗಿದ ಹಾಗೆ ಕಂಡರೆ ಪರದೆ ತುಂಬ ಬಿಳಿ ಪುಟ ತೆಗೆದುಕೊಂಡು ಮಾನಿಟರಿನ 'ಆಟೊ' ಬಟನ್ ಒತ್ತಿ. ಕಪ್ಪು ವಾಲ್‌ಪೇಪರ್ ಇಟ್ಟುಕೊಂಡು ಒತ್ತಿದರೆ ಪಾಪ, ಅದಕ್ಕೆ ಅಂಚು ಎಲ್ಲಿದೆ ಅಂತ ಗೊತ್ತಾಗಲ್ಲ.

ಕೊಳ್ಳೋದಾಯಿತು, ಬಾಳೋದು ಬೇರೆ. ಚೌಕ ಮಾನಿಟರ್ ಬೆಂಗಳೂರಿಂದ ರಾತ್ರಿ ರೈಲಿಗೆ ಗದಗಕ್ಕೆ ಬಂತು, ಅಲ್ಲಿಂದ ಬಸ್ಸಿನಲ್ಲಿ ರೋಣ, ರೋಣದಿಂದ ಸವಡಿ. ಸುತ್ತಿದ್ದು ಅವ್ವ ಹೊಲಿದ ಕೌದಿಯಲ್ಲಿ. ಥರ್ಮಾಕೋಲಿಗಿಂತ ಕೌದಿ ಮೇಲು ಅನ್ನೋದು ನಮ್ಮ ಅನುಭವ. ಪರದೆಯ ಮೇಲೆ ಒಂದು ಗಟ್ಟಿ ರಟ್ಟು, ಅದರ ಮೇಲೆ ಕೌದಿ, ಸ್ಟ್ಯಾಂಡ್ ಬಿಚ್ಚಿ ಬೇರೆ ಚೀಲದಲ್ಲಿ. ಪರದೆಯನ್ನ ಯಾವತ್ತೂ ಮಲಗಿಸಿ ಒಯ್ಯಬೇಡಿ, ನಿಲ್ಲಿಸಿಯೇ ಒಯ್ಯಬೇಕು.

ಮನೆಯಲ್ಲಿ ಇಟ್ಟ ದಿನ ಅಜ್ಜ ಕೇಳಿದ್ದು, "ಏನಲೇ, ಇದು ಟೀವಿ ಏನು?" "ಅಲ್ಲಜ್ಜಾ, ಇದಕ್ಕ ಲ್ಯಾಪ್‌ಟಾಪ್ ಹಚ್ಚಬೇಕು." "ಹಂಗಾರ ಬರೇ ಮಾರಿ ಐತಿ, ತಲಿ ಇಲ್ಲ ಅನ್ನು." ಮಾನಿಟರ್ ಅಂದರೇನು ಅಂತ ಇದಕ್ಕಿಂತ ಚೆನ್ನಾಗಿ ನಮಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಎರಡನೇ ದಿನ ಅವ್ವ ಹಿಂದಿನ ತಗಡು ಒರೆಸುವಾಗ ಕೈ ಜುಮ್ ಅಂತು ಅಂದಳು. ಎಲೆಕ್ಟ್ರಾನಿಕ್ಸಿನವರು ಇದನ್ನ ಓದಿರ್ತೀರಿ. ಪವರ್ ಸಪ್ಲೈಯಲ್ಲಿ ಸದ್ದು ಸೋಸೋಕೆ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು, ಎರಡು ಪುಟ್ಟ ಕೆಪಾಸಿಟರುಗಳು ಮೈತಗಡಿಗೆ ಕಟ್ಟಿರ್ತವೆ. ಅರ್ಥಿಂಗ್ ಇಲ್ಲದಿದ್ದರೆ ತಗಡು 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ತೇಲುತ್ತೆ. ಕರೆಂಟು ತೀರಾ ಕಡಿಮೆ, ಆದ್ದರಿಂದ ಬರೀ ಜುಮ್. ಆದರೆ ಅದೇ ಸ್ಥಿತಿಯಲ್ಲಿ ಎಚ್‌ಡಿಎಂಐ ಚುಚ್ಚಿದರೆ ಪೋರ್ಟ್ ಸುಡಬಹುದು. ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಮೂರನೇ ತೂತಿನ ಹಿಂದೆ ತಂತಿಯೇ ಇರಲ್ಲ. ನಮ್ಮ ಮನೆಯದೂ ಹಾಗೇ ಇತ್ತು. ಕಾಕಾ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು-ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದರು. ನಮ್ಮದು ಎರಿ ಭೂಮಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತೆ, ಒಣ ಮಣ್ಣಿಗೆ ರೋಧ ಜಾಸ್ತಿ. ಆದ್ದರಿಂದ ಏಪ್ರಿಲ್-ಮೇನಲ್ಲಿ ಆ ಗುಂಡಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು. 1,200 ರೂಪಾಯಿಯ ಮಾನಿಟರ್ ದೆಸೆಯಿಂದ ಮನೆಯ ಫ್ರಿಜ್ಜು, ಮಿಕ್ಸಿ ಎಲ್ಲಕ್ಕೂ ಸರಿಯಾದ ಅರ್ಥಿಂಗ್ ಬಂತು. ಈ ಲಾಭವನ್ನ ಯಾವ ರಿವ್ಯೂನಲ್ಲೂ ಬರೆಯಲ್ಲ.

ವೋಲ್ಟೇಜ್ ಏರಿಳಿತದ ಭಯ ಹಳ್ಳಿಯವರಿಗೆ ಜಾಸ್ತಿ. ಮಾನಿಟರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ತಾಳುತ್ತೆ, ಹಿಂದೆ ಬರೆದಿರುತ್ತೆ ಓದಿಕೊಳ್ಳಿ. ಬಲ್ಬು ಮಂಕಾದರೂ ಮಾನಿಟರ್ ಮಂಕಾಗಲ್ಲ. ಅದಕ್ಕೆ ಸ್ಟೆಬಿಲೈಜರ್ ಅಂತ ದುಡ್ಡು ಸುರಿಯೋದು ದಂಡ. ಕರೆಂಟು ಹೋದಾಗ ಸ್ವಿಚ್ ಆಫ್ ಮಾಡಿ, ವಾಪಸ್ ಬಂದು ಎರಡು ನಿಮಿಷ ಆದ ಮೇಲೆ ಹಾಕಿ. ವಾಪಸ್ ಬರುವ ಹೊಡೆತವೇ ಅದಕ್ಕೆ ಶತ್ರು.

ಇನ್ನೊಂದು ಶತ್ರು ಮುಂಗಾರಿನ ಮೊದಲ ಮಳೆಗೆ ಬರುತ್ತೆ. ಸಾಸಿವೆಗಿಂತ ಸಣ್ಣ ಹುಳುಗಳು ಬೆಳಕಿಗೆ ಬಂದು ಪರದೆಯ ಒಳಪದರಗಳ ನಡುವೆ ನುಗ್ತವೆ. ಅಕ್ಷರಗಳ ಹಿಂದೆ ಒಂದು ಅಲ್ಪವಿರಾಮ ನಡೆದಾಡ್ತಾ ಇರುತ್ತೆ. ಬೆರಳಿಂದ ಒತ್ತಬೇಡಿ. ಅಲ್ಲೇ ಸತ್ತರೆ ಆ ಅಲ್ಪವಿರಾಮ ಪೂರ್ಣವಿರಾಮ ಆಗಿ ಉಳಿದುಬಿಡುತ್ತೆ. ಮಾನಿಟರ್ ಆಫ್ ಮಾಡಿ, ಪಕ್ಕದಲ್ಲಿ ಒಂದು ದೀಪ ಹಚ್ಚಿಡಿ, ತಾನೇ ಹೊರಗೆ ಬರುತ್ತೆ. ಒರೆಸೋಕೆ ಹಳೆ ಧೋತರದ ಮೆತ್ತನೆ ಬಟ್ಟೆ, ಸ್ವಲ್ಪ ನೀರಿನ ಪಸೆ ಸಾಕು. ಗಾಜು ಒರೆಸೋ ಸ್ಪ್ರೇ ಬೇಡ, ಪರದೆಯ ಮೇಲಿನ ಲೇಪ ಹೋಗುತ್ತೆ.

ಮನೆಯವರಿಗೆ ಇದರಿಂದ ಏನು ಬಂತು ಅಂತ ಕೇಳ್ತೀರಾ? ಅಪ್ಪ ಪಹಣಿಯನ್ನ ಮೊಬೈಲಿನಲ್ಲಿ ನೋಡೋಕೆ ಹೋಗಿ ಪ್ರತಿ ಸಲ ಯಾರನ್ನಾದರೂ ಕರೀತಿದ್ದರು. 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿತು, ಆದರೆ ಆ ಕೋಷ್ಟಕ ಕಾಗದದ ಅಳತೆಗೆ ಮಾಡಿದ್ದು, ಆರಿಂಚಿನ ಮೊಬೈಲಿಗೆ ಅಲ್ಲ. ರಜೆಯಲ್ಲಿ ಲ್ಯಾಪ್‌ಟಾಪ್ ಹಚ್ಚಿ ಚೌಕ ಮಾನಿಟರಿನಲ್ಲಿ ತೆಗೆದಾಗ ಎಕರೆ-ಗುಂಟೆ, ಹೆಸರಿನ ಕಾಲಮ್ಮು, ಋಣದ ಕಾಲಮ್ಮು ಎಲ್ಲ ಒಟ್ಟಿಗೆ ಕಂಡಿತು. ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಅಪ್ಪ ತಾವೇ ಓದಿದರು. ತೀರಿದ ಸಾಲ ಇನ್ನೂ ಋಣದ ಕಾಲಮ್ಮಿನಲ್ಲೇ ಕೂತಿರೋದನ್ನ ಹಿಡಿದದ್ದು ಆ ದಿನವೇ. "ಇಷ್ಟ್ ದಿನ ಮಂದಿ ಓದಿ ಹೇಳಿದ್ದ ಖರೇ ಅಂತ ತಿಳ್ಕೊಂಡಿದ್ನೆಲ್ಲೋ" ಅಂದರು. ದೊಡ್ಡ ಪರದೆ ಅಂದರೆ ಶೋಕಿ ಅಂತ ಹೇಳೋರಿಗೆ ನಾವು ಕೊಡೋ ಉತ್ತರ ಇದೊಂದೇ.

ವಿರುದ್ಧ ವಾದಗಳೂ ಇವೆ, ಕೆಲವು ಸರಿಯೇ. ಕರೆಂಟು ಜಾಸ್ತಿ ತಿನ್ನುತ್ತೆ ಅಂತಾರೆ. ಟ್ಯೂಬಿನ 19 ಇಂಚು ಸುಮಾರು 40 ವ್ಯಾಟ್, ಎಲ್‌ಇಡಿ 20ರ ಆಸುಪಾಸು. ದಿನಕ್ಕೆ ಆರು ಗಂಟೆ ಹಿಡಿದರೆ ತಿಂಗಳಿಗೆ 7.2 ಯೂನಿಟ್, ಎಲ್‌ಇಡಿಗೆ 3.6. ಹಳೆ ಸೀಲಿಂಗ್ ಫ್ಯಾನಿನ 75 ವ್ಯಾಟಿನ ಮುಂದೆ ಇದು ದೊಡ್ಡ ಮಾತಲ್ಲ. ಆಟ ಆಡೋರು, ಫೋಟೊ-ವಿಡಿಯೊದ ಬಣ್ಣ ತಿದ್ದೋರು ಹಳೆ ಟಿಎನ್ ಪ್ಯಾನೆಲ್ ತಗೋಬೇಡಿ ಅನ್ನೋದು ನಿಜ. ಕೆಳಗಿಂದ ನೋಡಿದರೆ ಬಣ್ಣವೇ ಉಲ್ಟಾ ಆಗುತ್ತೆ, ಮಂಚದಲ್ಲಿ ಮಲಗಿ ಸಿನಿಮಾ ನೋಡೋ ಯೋಜನೆ ಇದ್ದರೆ ಅಂಗಡಿಯಲ್ಲೇ ಬಗ್ಗಿ ನೋಡಿ ತಿಳ್ಕೊಳ್ಳಿ. ಡಬ್ಬದಂಥ ಸಿಆರ್‌ಟಿ ಬೇಡವೇ ಬೇಡ. ಅದರ ಗಾಜಿನಲ್ಲಿ ಸೀಸ ಇದೆ, ಭಾರ ಬೇರೆ. ಬೆಲೆಗೆ ನಮ್ಮದೊಂದು ಮಿತಿ: ಅದೇ ಅಳತೆಯ ಹೊಸ ಮಾನಿಟರ್ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಬಿಟ್ಟು ಬನ್ನಿ. ಹೊಸದಕ್ಕೆ ಮೂರು ವರ್ಷದ ವಾರಂಟಿ ಸಿಗುವಾಗ, ವಾರಂಟಿ ಇಲ್ಲದ್ದಕ್ಕೆ ಅರ್ಧ ಬೆಲೆ ಕೊಡೋದು ಉಳಿತಾಯ ಅಲ್ಲ.

ಇಷ್ಟು ಬರೆಯೋಕೆ ಇನ್ನೊಂದು ಕಾರಣ ನಮ್ಮ ಕ್ಯಾಂಪಸ್ಸಿನಲ್ಲೇ ಇದೆ. ಲ್ಯಾಬಿಗೆ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಹಳೆ ಮಾನಿಟರ್‌ಗಳು ಡೆಡ್ ಸ್ಟಾಕ್ ರಿಜಿಸ್ಟರಿಗೆ ಹೋಗ್ತವೆ, ಅಲ್ಲಿಂದ ಮೆಟ್ಟಿಲ ಕೆಳಗಿನ ಕೋಣೆಗೆ. ಒಂದರ ಮೇಲೊಂದು, ಪರದೆಗೆ ಸ್ಟ್ಯಾಂಡ್ ಚುಚ್ಚಿಕೊಂಡು, ವರ್ಷಗಟ್ಟಲೆ ಧೂಳು ತಿಂದು, ಕೊನೆಗೆ ಕೆಜಿ ಲೆಕ್ಕಕ್ಕೆ ಬೀಳ್ತವೆ. ಬರುವಾಗ ಚೆನ್ನಾಗಿದ್ದದ್ದು ಆ ಕೋಣೆಯಲ್ಲೇ ಕೆಡುತ್ತೆ. ಟ್ಯೂಬಿನ ಮಾನಿಟರ್‌ಗಳಲ್ಲಿ ಅಲ್ಪ ಪ್ರಮಾಣದ ಪಾದರಸ ಇದೆ, ಗುಜರಿಯಲ್ಲಿ ಅದನ್ನ ಒಡೆಯೋರು ಬರಿಗೈಯವರು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ಇ-ತ್ಯಾಜ್ಯ ನಿಯಮಗಳು ಮರುಬಳಕೆ ಘಟಕಗಳ ಜೊತೆ, ಹಳೆಯದನ್ನ ರಿಪೇರಿ ಮಾಡಿ ಮತ್ತೆ ಬಳಕೆಗೆ ತರೋ ನವೀಕರಣಕಾರರನ್ನೂ ಹೆಸರಿಸಿ ನೋಂದಣಿ ಕೇಳ್ತವೆ. ಅಂದರೆ ರಿಪೇರಿ ಅನ್ನೋದು ಕಾನೂನಿನ ಕಣ್ಣಿಗೂ ಬಿದ್ದಿದೆ, ನಮ್ಮ ಸ್ಟೋರಿಗೆ ಮಾತ್ರ ಇನ್ನೂ ಬಿದ್ದಿಲ್ಲ.

ನಮ್ಮ ಬೇಡಿಕೆ ಸಣ್ಣದು. ಲಾಟ್ ಕಟ್ಟುವ ಮೊದಲು ಒಂದು ವಾರ ಬಾಗಿಲು ತೆಗೆದುಕೊಡಿ. ಇಸಿ, ಇಇ, ಸಿಎಸ್ ಹುಡುಗ-ಹುಡುಗಿಯರು ಸೇರಿ ಒಂದೊಂದನ್ನೂ ಹಚ್ಚಿ ನೋಡ್ತೀವಿ. ಸರಿ ಇರೋದು, ಕೆಪಾಸಿಟರ್ ಬದಲಿಸಿದರೆ ಸರಿ ಆಗೋದು, ಕೆಟ್ಟದ್ದು ಅಂತ ಮೂರು ಸಾಲು ಮಾಡ್ತೀವಿ. ಸರಿ ಇರೋದನ್ನ ಗುಜರಿಯವರು ಕೊಡೋ ಬೆಲೆಗೇ ಮೊದಲು ವಿದ್ಯಾರ್ಥಿಗಳಿಗೆ ಕೊಡಿ, ಸ್ಕಾಲರ್‌ಶಿಪ್ ಮೇಲೆ ಓದೋರಿಗೆ ಮೊದಲ ಸರದಿ. ಕಾಲೇಜಿಗೆ ಬರೋ ದುಡ್ಡು ಒಂದು ರೂಪಾಯಿಯೂ ಕಡಿಮೆ ಆಗಲ್ಲ. ಮಿಕ್ಕಿದ್ದು ಬೇಕು ಅನ್ನೋ ಊರ ಗ್ರಂಥಾಲಯಗಳಿಗೆ ಹೋಗಲಿ, ಕೆಟ್ಟದ್ದು ನೋಂದಾಯಿತ ಮರುಬಳಕೆ ಘಟಕಕ್ಕೆ. "ಆಡಿಟ್ ಆಬ್ಜೆಕ್ಷನ್ ಬರುತ್ತೆ" ಅಂತ ಸ್ಟೋರಿನವರು ಹೇಳಬಹುದು. ಬರಲಿಕ್ಕಿಲ್ಲ ಅಂತ ನಾವು ಹೇಳಲ್ಲ. ಆದರೆ ರಸೀದಿ ಹಾಕಿ, ರಿಜಿಸ್ಟರಿನಲ್ಲಿ ನಂಬರ್ ಹೊಡೆದು ಕೊಡೋದಕ್ಕೂ ಕೆಜಿ ಲೆಕ್ಕಕ್ಕೆ ತೂಗಿ ಕೊಡೋದಕ್ಕೂ ಕಾಗದದ ಕೆಲಸ ಒಂದೇ.

ಮನವಿಪತ್ರ ಬರೆದಿದ್ದೀವಿ, ಕನ್ನಡದಲ್ಲೇ. ಸಹಿ ಹಾಕೋರು ಶುಕ್ರವಾರ ಸಂಜೆ ಐದರ ನಂತರ ಲೈಬ್ರರಿ ಮುಂದೆ ಬನ್ನಿ. ಸ್ಕ್ರೂಡ್ರೈವರ್, ವಿಜಿಎ ಕೇಬಲ್ ಇದ್ದೋರು ಅದನ್ನೂ ತನ್ನಿ, ಬಾಗಿಲು ತೆಗೆದ ದಿನವೇ ಬೇಕಾಗುತ್ತೆ.